ತಡವಾಗಿ ಕೇಳಿಸುವ ಕಿವಿ

“ಏನ್ ಮೇಷ್ಟ್ರೇ, ಮನೆಯಾಗೆ ಏನೋ ಬಾರಿಸ್ತಿದ್ದಂಗೆ ಐತೆ?”

ಪಕ್ಕದ ಮನೆಯ ತಿಪ್ಪೇರುದ್ರಸ್ವಾಮಿ ಕೇಳಿದ್ದು ಇಷ್ಟೇ. ನಿವೃತ್ತರಾದ ಮೇಲೆ ಬೆಳಿಗ್ಗೆ ಗೇಟಿನ ಹತ್ತಿರ ಪೇಪರ್ ಹಿಡಿದು ನಿಂತು, ಹೋಗಿ ಬರುವವರಿಗೆಲ್ಲ ಒಂದೊಂದು ಪ್ರಶ್ನೆ ಹಾಕುವುದೇ ಅವರ ನೌಕರಿ. ಹಾಲು ತರುವವಳಿಗೂ ಒಂದು ಪ್ರಶ್ನೆ ಇರುತ್ತಿತ್ತು. ಆದರೆ ಪರಶುರಾಮ್ ಮೇಷ್ಟ್ರ ಮುಖ ಕಪ್ಪಿಟ್ಟಿತು. ಬೈಕ್ ಒದೆಯಲು ಎತ್ತಿದ ಕಾಲನ್ನು ಹಾಗೇ ಕೆಳಗಿಳಿಸಿ, “ಏನಿಲ್ಲ ಸ್ವಾಮೇರೆ, ಮಗಳು ಗಿಟಾರ್ ಕಲೀತಿದಾಳೆ” ಎಂದರು. ಸಂಜೆ ಶಾಲೆಯಿಂದ ಬಂದವರು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, ಮಗಳ ಸ್ಪೀಕರಿನ ಪ್ಲಗ್ ಕಿತ್ತು, ಅದನ್ನು ಬೀರುವಿನ ತಲೆಯ ಮೇಲಿಟ್ಟರು.

ಆ ಮನೆಯಲ್ಲಿ ‘ಬಾರಿಸು’ ಎಂಬ ಮಾತನ್ನು ಮೂವತ್ತೊಂದು ವರ್ಷದಿಂದ ಯಾರೂ ಆಡಿರಲಿಲ್ಲ. ಶಾಲೆಯ ಗಂಟೆಯನ್ನು ಕೂಡ ಮೇಷ್ಟ್ರು ‘ಹೊಡಿ’ ಎನ್ನುತ್ತಿದ್ದರು. ಅವರಪ್ಪ ಮೂಕಪ್ಪ ಸವಳಂಗದ ಆಚೆಯ ಒಂದು ಹಳ್ಳಿಯಲ್ಲಿ ಹಲಗೆ ಬಾರಿಸುತ್ತಿದ್ದವನು. ಸುತ್ತಲಿನ ಹತ್ತೂರಿಗೆ ಹೆಸರಾದ ಕೈ. ಹೆಸರೇನೋ ದೊಡ್ಡದೇ, ಆದರೆ ಕರೆಯುತ್ತಿದ್ದದ್ದು ಸಾವಿಗೆ, ಡಂಗುರಕ್ಕೆ; ಕೊಡುತ್ತಿದ್ದದ್ದು ದೂರದಿಂದ ಸುರಿಯುವ ಒಂದು ಮೊರ ಜೋಳ. ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಮಗನೇ ಆ ಹಲಗೆಯನ್ನು ಕುಡುಗೋಲಿನಿಂದ ಸೀಳಿ ಹಾಕಿದ. ಮುಂದೆ ನೌಕರಿ ಬಂತು, ನ್ಯಾಮತಿಯಲ್ಲಿ ಬಾಡಿಗೆ ಮನೆ ಬಂತು, ಗೋಡೆಗೆ ಬುದ್ಧನ ಪಟ ಬಂತು. ಬೀದಿಯಲ್ಲಿ ಮೆರವಣಿಗೆ ಹೋದರೆ ಮೂಕಪ್ಪನ ಹೆಂಡತಿ ಅಂಜಿನಮ್ಮ ಎದ್ದು ಕಿಟಕಿ ಮುಚ್ಚುತ್ತಿದ್ದಳು. ಮೂಕಪ್ಪ ಎರಡೂ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಕೂರುತ್ತಿದ್ದ.

ಅಂಥ ಮನೆಗೆ ಮೇಷ್ಟ್ರ ಮಗಳು ಅರ್ಪಿತಾ ದಪ್ಪ ಸದ್ದಿನ ಬೇಸ್ ಗಿಟಾರ್ ತಂದಿದ್ದಳು. ಬಿಕಾಂ ಮುಗಿಸಿ ಹೊನ್ನಾಳಿಯ ಒಂದು ಆನ್‌ಲೈನ್ ಸೆಂಟರಿನಲ್ಲಿ ಜನರ ಅರ್ಜಿ ತುಂಬುವ ಕೆಲಸ ಅವಳದು. ಸೆಂಟರಿನ ಹಿಂದಿನ ಶೆಡ್ಡಿನಲ್ಲಿ ಮೈಲಾರಿಯ ಆರ್ಕೆಸ್ಟ್ರಾದವರು ತಾಲೀಮು ಮಾಡುತ್ತಿದ್ದರು. ಊಟದ ಬಿಡುವಿನಲ್ಲಿ ಕೇಳುತ್ತ ನಿಂತವಳು ಎರಡು ವರ್ಷದಲ್ಲಿ ಕಲಿತೇಬಿಟ್ಟಳು, ಅವರ ಹಳೆಯ ಬೇಸನ್ನೇ ಸಂಬಳ ಕೂಡಿಸಿ ಕೊಂಡಳು. ಈಗ ತಂಡದ ಬೇಸಿನವನು ಬಿಟ್ಟುಹೋಗಿದ್ದ. “ಮೂರು ವಾರ ಟೈಮ್,” ಎಂದಿದ್ದ ಮೈಲಾರಿ. “ಹದಿನಾಲ್ಕು ಹಾಡು ಕೈಗೆ ಬಂದ್ರೆ ಜಾಗ ನಿಂದು. ಇಲ್ಲಾಂದ್ರೆ ಜಗಳೂರಿನಾಗೆ ಒಬ್ಬ ಕಾಯ್ತಾ ಕುಂತಿದಾನೆ.” ಅವಳಿಗೆ ಆ ಜಾಗ ಬೇಕಿತ್ತು. ಅಷ್ಟು ಬೇಕು ಅನ್ನಿಸಿದ್ದು ಬದುಕಿನಲ್ಲಿ ಬೇರೆ ಯಾವುದೂ ಇರಲಿಲ್ಲ.

ಅವತ್ತಿನ ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಮೇಷ್ಟ್ರು ಮುದ್ದೆ ಮುರಿಯದೆ ಹೇಳಿದರು, “ನಾಳೆಯಿಂದ ಈ ಗೋಡೆ ಆಚೆ ಸದ್ದು ಹೋಗಬಾರದು.”

“ಸದ್ದು ಮಾಡ್ದೆ ಕಲಿಯಾದು ಹೆಂಗೆ ಅಪ್ಪಾಜಿ?”

“ಅದು ನಿನ್ನ ಪಾಡು. ಗಿಟಾರ್ ಅಂದಿದ್ದೆ ನೀನು. ಗಿಟಾರ್ ಅಂದ್ರೆ ಟಿಂಗ್ ಟಿಂಗ್ ಅಂತತೆ ಅಂದ್ಕಂಡಿದ್ದೆ. ಇದು ಧಮ್ ಧಮ್ ಅಂತತೆ. ಬೀದಿಗೆಲ್ಲ ಕೇಳ್ತತೆ.”

“ನಾಕೇ ತಂತಿ,” ಎಂದಳು ಅಂಜಿನಮ್ಮ, ಸಾರು ಬಡಿಸಿಕೊಳ್ಳುತ್ತ. “ಪೂರ್ತಿ ರೊಕ್ಕ ಕೊಟ್ಟು ನಾಕು ತಂತಿದು ತಂದೈತೆ ಕೂಸು. ಉಳಿದವು ಅಂಗಡಿಯವನೇ ಇಟ್ಕಂಡ್ನೋ ಏನೋ.”

ಮೇಷ್ಟ್ರ ಹೆಂಡತಿ ಅರುಣಾ ಹೊಲಿಗೆಯವಳು. ಅಳತೆ ತಪ್ಪದ ಹಾಗೆ ಮಾತಾಡುವವಳು. “ರೀ, ಹೆಡ್‌ಫೋನ್ ಹಾಕ್ಕಂಡು ನುಡ್ಸಿದ್ರೆ ಆಗಲ್ವಾ? ಸದ್ದು ಅವಳ ಕಿವಿಯಾಗೇ ಇರ್ತತೆ.”

ಮೇಷ್ಟ್ರು ಮುದ್ದೆ ಮುರಿದರು.

ಮಾರನೆಯ ದಿನ ಅರ್ಪಿತಾ ಮೈಲಾರಿಯನ್ನು ಕೇಳಿಕೊಂಡು ಬಂದಳು. “ಗಿಟಾರಿಗೇ ಸಿಗಿಸೋ ಹೆಬ್ಬೆಟ್ಟಿನಷ್ಟು ಡಬ್ಬಿ ಬರ್ತತಂತೆ. ಅದಕ್ಕೆ ವೈರಿನ ಹೆಡ್‌ಫೋನ್ ಹಾಕ್ಬೇಕಂತೆ. ಕಿವಿ ಪೂರ್ತಿ ಮುಚ್ಚೋ ಅಂಥದ್ದು. ಸಣ್ಣ ಇಯರ್‌ಫೋನಿಗೆ ಬೇಸಿನ ದಪ್ಪ ಸದ್ದು ಹಿಡಿಯಲ್ವಂತೆ.”

“ವೈರಿಂದು ಯಾಕೆ?” ಎಂದರು ಮೇಷ್ಟ್ರು.

ಯಾಕೆ ಎಂದು ಮೈಲಾರಿ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. “ಸೋವಿ ಅಂತ ಇರ್ಬೇಕು” ಎಂದಳು.

ಅಷ್ಟು ಸಾಕಾಯಿತು. “ಸೋವಿದು, ಹಳೇದು, ಮಂದಿ ಬಿಟ್ಟಿದ್ದು. ನಿಮಗೆ ಇಷ್ಟು ಸಾಕು ಅಂತ ಹೇಳೋರು ನನಗೂ ಬಾಳ ಜನ ಇದ್ರು. ನನ್ನ ಮಗಳಿಗೆ ನಾನು ಅಂಥದ್ದು ತರಲ್ಲ.”

ಭಾನುವಾರ ಅವರೇ ಶಿವಮೊಗ್ಗಕ್ಕೆ ಹೋಗಿ ಬಂದರು. ಕಪ್ಪು ಪೆಟ್ಟಿಗೆ, ಒಳಗೆ ಮೆತ್ತಗಿನ ದೊಡ್ಡ ಹೆಡ್‌ಫೋನ್. ವೈರ್ ಇಲ್ಲ, ಬ್ಲೂಟೂತ್. ಜೊತೆಗೆ ಗಿಟಾರನ್ನು ಮೊಬೈಲಿಗೆ ಸೇರಿಸುವ ಒಂದು ಕೇಬಲ್. ರಸೀದಿಯನ್ನು ಯಾರಿಗೂ ತೋರಿಸದೆ ಜೇಬಿಗೆ ಇಳಿಸಿದರು. “ಅಂಗಡಿಯಾಗೆ ಇದಕ್ಕಿಂತ ಮೇಲಿಂದು ಇಲ್ಲ. ಹೊರಗಿನ ಸದ್ದು ಒಳಗೆ ಬರಲ್ಲ, ಒಳಗಿಂದು ಹೊರಗೆ ಹೋಗಲ್ಲ.”

ಅರ್ಪಿತಾ ಹಾಕಿಕೊಂಡಳು. ಬೀದಿ, ಮಿಕ್ಸಿ, ಅಮ್ಮನ ಹೊಲಿಗೆ ಯಂತ್ರ, ಎಲ್ಲ ಒಮ್ಮೆಗೇ ಮಾಯವಾದವು. ತಂತಿ ಮೀಟಿದಳು. ಮೀಟಿ, ಕಣ್ಣು ಮಿಟುಕಿಸುವಷ್ಟು ಹೊತ್ತು ಕಳೆದ ಮೇಲೆ ಸದ್ದು ಬಂತು. ಮತ್ತೊಮ್ಮೆ ಮೀಟಿದಳು. ಹಾಗೇ.

“ಹೆಂಗೈತೆ?” ಅಪ್ಪ ಎದುರಿಗೇ ನಿಂತಿದ್ದರು. ಅವಳ ವಾದ್ಯಕ್ಕೆಂದು ಅವರು ಮೊದಲ ಸಲ ಕೈಯಾರೆ ತಂದ ವಸ್ತು. ತಡವಾಗಿ ಕೇಳುತ್ತದೆ ಎಂದು ಅವಳು ಹೇಗೆ ಹೇಳಿಯಾಳು?

“ಚೆನ್ನಾಗೈತೆ ಅಪ್ಪಾಜಿ” ಎಂದಳು. ಹೊಸದು, ಕೈಗೆ ಒಗ್ಗಿಕೊಳ್ಳುತ್ತದೆ ಎಂದುಕೊಂಡಳು.

ಸದ್ದು ಅಡಗಿತು, ಜಗಳ ಶುರುವಾಯಿತು. ಅರ್ಪಿತಾಳ ಕಿವಿ ಮುಚ್ಚಿದ ಮೇಲೆ ಮನೆಯ ಕರೆಗೆ ಓಗೊಡುವವರೇ ಇಲ್ಲದಾಯಿತು. ಸೋಮವಾರ ಹಾಲು ಉಕ್ಕಿ ಒಲೆಯೆಲ್ಲ ಬಿಳಿಯಾಯಿತು. ಬುಧವಾರ ನಲ್ಲಿ ನೀರು ಬಂದು, ತುಂಬಿ, ಅಂಗಳದಲ್ಲಿ ಹರಿದು, ನಿಂತೂ ಹೋಯಿತು. ಗುರುವಾರ, ಮೂಕಪ್ಪ ಹೊರಗೆ ಹೋಗಿದ್ದಾಗ, ಅಂಜಿನಮ್ಮ ಬಚ್ಚಲಿನಲ್ಲಿ ಕಾಲು ಜಾರಿ ಕೂತವಳು ಕೂಗಿ ಕೂಗಿ ಸುಸ್ತಾದಳು. ಅರುಣಾ ರವಿಕೆಗಳನ್ನು ಕೊಟ್ಟು ಬಂದಾಗ ಅತ್ತೆ ಗೋಡೆ ಹಿಡಿದು ಏಳುತ್ತಿದ್ದಳು, ಮೊಮ್ಮಗಳು ಎರಡು ಮಾರು ದೂರದಲ್ಲಿ ಕಣ್ಣು ಮುಚ್ಚಿ ತಂತಿ ಮೀಟುತ್ತಿದ್ದಳು.

“ನಾನು ಸತ್ರೂ ಇದಕ್ಕೆ ಕೇಳಾಕಿಲ್ಲ,” ಅಂಜಿನಮ್ಮ ಸೊಂಟಕ್ಕೆ ಬಿಸಿನೀರಿನ ಬಟ್ಟೆ ಒತ್ತಿಸಿಕೊಳ್ಳುತ್ತ ಹೇಳಿದಳು. “ಮಣ್ಣು ಮಾಡಿ ಬಂದ ಮೇಲೆ ಕಿವಿ ತೆಗೆದು, ಅಜ್ಜಿ ಎಲ್ಲೋದ್ಲು ಅಂತತೆ.”

“ತಪ್ಪಾತು ಅಜ್ಜಿ. ನಾಳೆಯಿಂದ ಹಿಂಗಾಗಲ್ಲ.”

“ಅದನ್ನ ಹಾಲಿಗೆ ಹೇಳು, ನಲ್ಲಿಗೆ ಹೇಳು.”

“ಬೈಯ್ರಿ, ಆದ್ರೆ ಸಾವಿನ ಮಾತು ಬ್ಯಾಡ ಅತ್ತೆ,” ಎಂದಳು ಅರುಣಾ. ಮಗಳ ಕಡೆ ತಿರುಗಿ, “ಇನ್ನೆಷ್ಟು ದಿನ?” ಎಂದಳು.

“ನಾಳಿದ್ದು ಶೆಡ್ಡಿಗೆ ಬಾ ಅಂದಿದಾರೆ. ನೋಡಾಕೆ.”

ಶೆಡ್ಡಿನಲ್ಲಿ ಮೊದಲ ಹಾಡು ಅರ್ಧವಾಗುವ ಹೊತ್ತಿಗೆ ಡ್ರಮ್ಸಿನ ಜುಂಜಪ್ಪ ಕೋಲು ಎತ್ತಿ ನಿಲ್ಲಿಸಿದ. ಎರಡನೆಯದರಲ್ಲೂ ನಿಲ್ಲಿಸಿದ. ಮೂರನೆಯದರಲ್ಲಿ ನಿಲ್ಲಿಸಲಿಲ್ಲ, ಕೋಲನ್ನೇ ಕೆಳಗಿಟ್ಟ.

“ಓಡ್ತಿದೀಯಲ್ಲಮ್ಮ,” ಎಂದ. “ನಾನು ಇಲ್ಲಿದೀನಿ, ನೀನು ಆಗ್ಲೇ ಬಸ್ ಸ್ಟ್ಯಾಂಡಿನಾಗೆ ಇದೀಯ.”

“ಮೊದ್ಲು ಹಿಂಗಿರಲಿಲ್ಲ ನೀನು,” ಮೈಲಾರಿಗೂ ಬೇಸರವಾಗಿತ್ತು. “ಏನಾತು? ಮುಂದಿನ ಶನಿವಾರ ಇನ್ನೊಂದ್ಸಲ ನೋಡ್ತೀನಿ. ಅವತ್ತೂ ಹಿಂಗೇ ಆದ್ರೆ ಜಗಳೂರಿಗೆ ಫೋನ್ ಮಾಡ್ತೀನಿ. ಆಮೇಲೆ ಬೇಜಾರ್ ಮಾಡ್ಕಬ್ಯಾಡ.”

ನ್ಯಾಮತಿಯ ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ತಿರುಗಿಸಿ ಅತ್ತಳು. ತಾನು ಎಲ್ಲಿ ತಪ್ಪುತ್ತಿದ್ದೇನೆ ಎಂಬುದೇ ಅವಳಿಗೆ ತಿಳಿಯಲಿಲ್ಲ. ಮನೆಯಲ್ಲಿ ಒಂದು ಏಟೂ ತಪ್ಪುತ್ತಿರಲಿಲ್ಲ. ಹಾಗಾಗಿ ಇನ್ನೂ ಹೆಚ್ಚು ಅಭ್ಯಾಸ ಮಾಡಬೇಕೆಂದು ಸೆಂಟರಿಗೆ ರಜೆ ಹಾಕಿದಳು. ಬೆಳಿಗ್ಗೆ ಒಂದು ರೊಟ್ಟಿ ತಿಂದು ಕೂತರೆ ಮಧ್ಯಾಹ್ನವಾದರೂ ಏಳುತ್ತಿರಲಿಲ್ಲ.

ಬುಧವಾರ, ನಡುಮನೆಯ ಮಂಚದ ಮೇಲೆ ಕೂತಿದ್ದ ಮೂಕಪ್ಪ ಬಹಳ ಹೊತ್ತು ಮೊಮ್ಮಗಳನ್ನೇ ನೋಡಿದ. ಆಮೇಲೆ ಏನೋ ಹೇಳಿದ. ಅವಳಿಗೆ ಕೇಳಿಸಲಿಲ್ಲ. ಕೋಲಿನಿಂದ ಅವಳ ಮಂಡಿ ತಟ್ಟಿದ.

“ಕೂಸೇ, ನಿನ್ನ ಕಾಲು ಒಂದು ಕಡೆ, ಕೈ ಒಂದು ಕಡೆ ಹೋಗ್ತಾವೆ.”

“ಏನಜ್ಜ?”

“ಕಾಲು ಹಾಡು ಕೇಳಿ ಬೀಳ್ತತೆ. ಕೈ ಅದಕ್ಕಿಂತ ಮುಂಚೆ ಬೀಳ್ತತೆ. ಕೈಗೆ ಯಾರೋ ಸುಳ್ಳು ಹೇಳ್ತಿದಾರೆ.”

ಅರ್ಪಿತಾ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡಿದಳು. ತನ್ನ ಸದ್ದು ತನಗೆ ತಡವಾಗಿ ಬರುತ್ತಿತ್ತು. ಅದು ಮೊಬೈಲಿನ ಹಾಡಿಗೆ ಸರಿಹೊಂದಲಿ ಎಂದು, ತನಗೇ ಗೊತ್ತಿಲ್ಲದೆ, ಪ್ರತಿ ಏಟನ್ನೂ ಮುಂಚೆಯೇ ಹೊಡೆಯುತ್ತಿದ್ದಳು. ಇಲ್ಲಿ ಸರಿಯಾಗಿ ಕೇಳುತ್ತಿದ್ದದ್ದು ಶೆಡ್ಡಿನಲ್ಲಿ ಓಟವಾಗುತ್ತಿತ್ತು. ಹತ್ತು ದಿನ ಅವಳು ತಪ್ಪನ್ನೇ ಶ್ರದ್ಧೆಯಿಂದ ಕಲಿತಿದ್ದಳು.

“ನಿನಗೆ ಹೆಂಗೆ ಗೊತ್ತಾತು ಅಜ್ಜ?”

ಮೂಕಪ್ಪ ಕೋಲಿನಿಂದ ಹೆಡ್‌ಫೋನಿನ ಕಡೆ ತೋರಿಸಿದ. “ಅದನ್ನ ಆ ಕಡೆ ಇಡು. ಬರೀ ತಂತಿ ಮೀಟು. ಗಲ್ಲ ತಂದು ಗಿಟಾರಿನ ಮರಕ್ಕೆ ಒತ್ತು, ಕೇಳ್ತತೆ.”

ಒತ್ತಿದಳು. ಮರದಿಂದ ದವಡೆಗೆ, ದವಡೆಯಿಂದ ಕಿವಿಗೆ ಸದ್ದು ಬಂತು, ಸಣ್ಣದಾಗಿ, ಆದರೆ ಹೊಡೆದ ಗಳಿಗೆಯಲ್ಲೇ. ಮೂಕಪ್ಪನ ಬಲಗೈ ಮಂಚದ ಪಟ್ಟಿಯ ಮೇಲೆ ಬಿತ್ತು. ಒಂದು, ಎರಡು, ಮೂರು. ಆ ಬೆರಳುಗಳಿಗೆ ಎಪ್ಪತ್ತಾರು ವರ್ಷ ಎಂದು ಯಾರೂ ಹೇಳುವಂತಿರಲಿಲ್ಲ. ಅವಳ ಕೈ ಮುಂದೆ ಓಡಿದಾಗಲೆಲ್ಲ ಅವನು “ಬಾ ಹಿಂದಕ್ಕೆ” ಎಂದು ಎಳೆಯುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅಂಜಿನಮ್ಮ ಸೊಪ್ಪು ಹಿಡಿದು ನಿಂತುಬಿಟ್ಟಿದ್ದಳು. ಹೋಗಿ ಕಿಟಕಿ ಮುಚ್ಚುವುದು ಅವಳಿಗೆ ಮರೆತುಹೋಗಿತ್ತು.

ಶಿಕ್ಷಕರ ಕ್ಲಸ್ಟರ್ ಮೀಟಿಂಗ್ ಬೇಗ ಮುಗಿದು ಮೇಷ್ಟ್ರು ಮೂರು ಗಂಟೆಗೇ ಬಂದರು. ಬಂದು ಬಾಗಿಲಲ್ಲೇ ನಿಂತರು.

“ಅಪ್ಪ, ಕೈ ತೆಗಿ.”

ಮೂಕಪ್ಪನ ಕೈ ನಿಂತಿತು. ಆದರೆ ಪಟ್ಟಿಯ ಮೇಲಿಂದ ಏಳಲಿಲ್ಲ.

“ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ ನೀನು ಎಲ್ಲಿದ್ದೆ ಹೇಳು. ದೊಡ್ಮನೆ ಸಾವಿಗೆ ಮಳ್ಯಾಗೆ ನಿಂತು ಬಾರ್ಸ್ತಿದ್ದೆ. ನಾನು ಮಾರ್ಕ್ಸ್ ಕಾರ್ಡ್ ತೋರ್ಸಾಕೆ ಬಂದ್ರೆ ಆ ಯಜಮಾನ ಏನಂದ? ‘ಮೂಕನ ಮಗನೇ, ಅದನ್ನ ಆ ಕಡೆ ಇಡು, ನೀನೂ ಒಂದು ಹಲಗೆ ಹಿಡ್ಕ’ ಅಂದ. ಮಾರ್ಕ್ಸ್ ಕಾರ್ಡ್ ಮಳ್ಯಾಗೆ ತೊಯ್ದು ಹೋತು. ಇವತ್ತಿಗೂ ಐತೆ ನನ್ನ ಹತ್ರ, ಅಂಕ ಕಾಣಾಕಿಲ್ಲ.”

“ನೀನು ಹಲಗೆ ಸೀಳಿದ್ದು ಸರಿ ಇತ್ತು,” ಎಂದ ಮೂಕಪ್ಪ. “ಅವತ್ತೂ ಒಂದು ಮಾತು ಆಡ್ಲಿಲ್ಲ ನಾನು, ಇವತ್ತೂ ಆಡಲ್ಲ. ಆದ್ರೆ ಅವರು ಕರೆದಿದ್ದಕ್ಕೆ ಬಾರ್ಸಾದು ಬ್ಯಾರೆ. ಈ ಕೂಸು ತನಗೆ ಬೇಕು ಅಂತ ಬಾರ್ಸ್ತತೆ.”

“ನೋಡೋರಿಗೆ ಎಲ್ಡೂ ಒಂದೇ.”

“ನೋಡೋರ ಸಲುವಾಗಿ ಎಷ್ಟು ವರ್ಷ ಕೈ ಕಂಕುಳಾಗೆ ಇಟ್ಕಂಡು ಕುಂತಿರ್ಲಿ ಪರಶು?”

ಮೇಷ್ಟ್ರ ಕಣ್ಣು ಮೂಲೆಯಲ್ಲಿ ಬಿದ್ದಿದ್ದ ಹೆಡ್‌ಫೋನಿನ ಮೇಲೆ ಹೋಯಿತು. “ಅದ್ಯಾಕೆ ಅಲ್ಲಿ ಬಿದ್ದೈತೆ?”

ಅರ್ಪಿತಾ ಹೇಳಿದಳು. ತಡವಾಗಿ ಕೇಳುತ್ತದೆ ಎಂದು, ಮೊದಲ ದಿನವೇ ಗೊತ್ತಿತ್ತು ಎಂದು, ಅದಕ್ಕಾಗಿಯೇ ವೈರಿನದು ಬೇಕಾಗಿತ್ತು ಎಂದು. “ನೀವು ಅಷ್ಟು ದೂರ ಹೋಗಿ ತಂದಿದ್ರಿ. ಅದಕ್ಕೇ ಹೇಳಲಿಲ್ಲ.”

“ಹತ್ತು ದಿನ ಸುಳ್ಳು ಹೇಳಿದೆ ನನಗೆ.” ಅವರ ಧ್ವನಿ ಸಣ್ಣದಾಗಿತ್ತು. ಕೂಗಿದ್ದರೆ ಮನೆಯವರಿಗೆ ಹಿತವಾಗಿರುತ್ತಿತ್ತು. ಅವತ್ತು ಮೇಷ್ಟ್ರು ಊಟಕ್ಕೆ ಏಳಲಿಲ್ಲ. ಅರುಣಾ ತಟ್ಟೆ ಮುಚ್ಚಿಟ್ಟಳು.

ಬೆಳಿಗ್ಗೆ ಅರುಣಾ ಗಂಡನ ಜೇಬಿನಿಂದ ರಸೀದಿ ತೆಗೆದುಕೊಂಡು ಸೀರೆ ಬದಲಿಸಿದಳು. “ನಾನೂ ಬರ್ತೀನಿ” ಎಂದು ಅಂಜಿನಮ್ಮ ಸೊಂಟ ಹಿಡಿದುಕೊಂಡೇ ಹೊರಟಳು. ಶಿವಮೊಗ್ಗದ ಆ ಅಂಗಡಿಯವನು ಬಿಚ್ಚಿದ ಪೆಟ್ಟಿಗೆ ವಾಪಸ್ ಇಲ್ಲ ಎಂದ. ಅಂಜಿನಮ್ಮ ಅಲ್ಲಿದ್ದ ಮೆತ್ತನೆಯ ಸ್ಟೂಲ್ ಎಳೆದುಕೊಂಡು ಕೂತಳು.

“ತಡ ಆಗಿ ಕೇಳೋ ಕಿವಿ ಮಾರಿದೀಯಲ್ಲಪ್ಪ. ನನಗೆ ವಯಸ್ಸಾಗೈತೆ, ನನ್ನ ಕಿವಿ ತಡ ಆದ್ರೆ ನ್ಯಾಯ. ಇದು ಹೊಸದು. ನನಗೇನು ಅವಸರ ಇಲ್ಲ, ಸಂಜೆ ಮಟ ಕುಂತಿರ್ತೀನಿ.”

ಒಂದು ತಾಸಿನ ನಂತರ ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡ. ಬದಲಿಗೆ ಹೆಬ್ಬೆಟ್ಟಿನಷ್ಟು ಡಬ್ಬಿಯನ್ನೂ ನಾಲ್ಕೈದು ಬಗೆಯ ವೈರಿನ ಹೆಡ್‌ಫೋನುಗಳನ್ನೂ ಮುಂದಿಟ್ಟ. ಅಂಜಿನಮ್ಮ ಪ್ರತಿಯೊಂದನ್ನೂ ತಲೆಗೆ ಹಾಕಿಕೊಂಡು “ಅರುಣಾ, ನನ್ನ ಕರಿ” ಎನ್ನುತ್ತಿದ್ದಳು. ಕೊನೆಗೆ ಕಿವಿ ಮುಚ್ಚುವ ಒಂದು ಕಡೆಯ ಬಟ್ಟಲು ಹಿಂದಕ್ಕೆ ತಿರುಗುವಂಥದ್ದು ಸಿಕ್ಕಿತು. ಒಂದು ಕಿವಿ ಹಾಡಿಗೆ, ಒಂದು ಕಿವಿ ಮನೆಗೆ. “ಇದು,” ಎಂದಳು ಅಂಜಿನಮ್ಮ. “ಇದನ್ನ ಹಾಕ್ಕಂಡ್ರೆ ಹಾಲು ಉಕ್ಕಾಕಿಲ್ಲ.”

ಶನಿವಾರಕ್ಕೆ ಉಳಿದಿದ್ದ ಎರಡು ದಿನ ಅರ್ಪಿತಾ ಉಸಿರು ಬಿಡದೆ ಕೂತಳು. ತಪ್ಪಾಗಿ ಕಲಿತ ಕೈಯನ್ನು ತಿದ್ದುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಮೇಷ್ಟ್ರು ಮನೆಯಲ್ಲಿದ್ದಾಗ ಮೂಕಪ್ಪ ಸುಮ್ಮನಿರುತ್ತಿದ್ದ. ಅವರು ಶಾಲೆಗೆ ಹೋದೊಡನೆ ಪಟ್ಟಿಯ ಮೇಲೆ ಕೈ ಬೀಳುತ್ತಿತ್ತು. ಶನಿವಾರ ಶೆಡ್ಡಿನಲ್ಲಿ ಜುಂಜಪ್ಪ ಹದಿನಾಲ್ಕೂ ಹಾಡು ಮುಗಿಯುವವರೆಗೆ ತಡೆಯಲು ಕೋಲು ಎತ್ತಲಿಲ್ಲ. “ಈಗ ನನ್ನ ಪಕ್ಕದಾಗೇ ಇದೀಯ” ಎಂದ, ಅಷ್ಟೇ.

ಜಾಗ ಸಿಕ್ಕಿತು. ಕುಣಿದುಕೊಂಡು ಮನೆಗೆ ಬರಬೇಕಾದ ಹುಡುಗಿ ಮುಖ ಬಾಡಿಸಿಕೊಂಡು ಬಂದಳು. ಊಟಕ್ಕೆ ಕೂತಾಗ ಹೇಳಿದಳು, “ಮೊದಲ ಕಾರ್ಯಕ್ರಮ ಮುಂದಿನ ಭಾನುವಾರ. ಆರತಕ್ಷತೆ.” ತಡೆದು ಸೇರಿಸಿದಳು, “ನಮ್ಮ ಹಳ್ಳಿಯಾಗೆ. ದೊಡ್ಮನೆಯವರ ಮೊಮ್ಮಗನದು.”

ಅರುಣಾಳ ಕೈಯ ಸೌಟು ಪಾತ್ರೆಯೊಳಗೇ ನಿಂತಿತು.

“ಆಗಲ್ಲ ಅನ್ನು,” ಎಂದರು ಮೇಷ್ಟ್ರು.

“ಮೊದಲ್ನೇದಕ್ಕೇ ಆಗಲ್ಲ ಅಂದ್ರೆ ಜಾಗ ಹೋಗ್ತತೆ ಅಪ್ಪಾಜಿ.”

“ಹೋಗ್ಲಿ. ಆ ಅಂಗಳದಾಗೆ ನಮ್ಮ ಮನೇದು ಇನ್ನೊಂದು ತಲೆಮಾರು ನಿಂತ್ಕಳಾದು ಬ್ಯಾಡ.”

“ನಾನು ಹೋಗ್ತೀನಿ.” ಅರ್ಪಿತಾ ಅಪ್ಪನ ಮುಖ ನೋಡಿಯೇ ಹೇಳಿದಳು. ಹಿಂದೆಂದೂ ಹಾಗೆ ಹೇಳಿದವಳಲ್ಲ.

ಮೂರು ದಿನ ಅಪ್ಪ ಮಗಳು ಮಾತಾಡಲಿಲ್ಲ. ಉಪ್ಪು ಬೇಕಾದರೂ ಅರುಣಾಳ ಮೂಲಕವೇ. ಬುಧವಾರ ಸಂಜೆ ಮೇಷ್ಟ್ರು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದರು. ಅರ್ಪಿತಾ ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಮಂಚದಿಂದ ಮೂಕಪ್ಪ ಹೇಳಿದ, “ಭಾನುವಾರ ನಾನೂ ಹೋಗ್ತೀನಿ.”

“ಎಲ್ಲಿಗೆ?”

“ದೊಡ್ಮನೆಗೆ.”

ಮೇಷ್ಟ್ರು ಪೆನ್ನು ಇಟ್ಟರು. “ಯಾವ ಬಾಗಿಲಿಂದ ಹೋಗ್ತೀಯ?”

“ಎದುರಿನ ಬಾಗಿಲಿಂದ. ಇಸ್ತ್ರಿ ಅಂಗಿ ಹಾಕ್ಕಂಡು ಹೋಗ್ತೀನಿ. ಮೊಮ್ಮಗಳದು ಕೇಳಾಕೆ ಬಂದಿದೀನಿ, ಕುರ್ಚಿ ಹಾಕಿ ಅಂತೀನಿ. ನಾನು ಮಳ್ಯಾಗೆ ನಿಂತಿದ್ನಲ್ಲ, ಅದೇ ಜಾಗದಾಗೆ ಹಾಕ್ಸ್ಕಂತೀನಿ. ಅಷ್ಟು ವರ್ಷ ಆ ಅಂಗಳದಾಗೆ ನಿಂತು ಬಾರ್ಸಿದೀನಿ ಪರಶು. ಒಂದ್ಸಲ ಕುಂತು ಕೇಳ್ಬೇಕು ನಾನು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಎದ್ದು ಸ್ಟೂಲ್ ಹಾಕಿ ಬೀರುವಿನ ಮೇಲಿದ್ದ ಸ್ಪೀಕರ್ ಇಳಿಸಿದರು. ಹೆಗಲ ಮೇಲಿನ ಟವೆಲಿನಿಂದ ಧೂಳು ಒರೆಸಿದರು. ಮಗಳ ಹತ್ತಿರ ಬಂದು ಹೆಡ್‌ಫೋನಿನ ವೈರ್ ಹಿಡಿದು ಎಳೆದರು.

ಅರ್ಪಿತಾ ಬೆಚ್ಚಿ ಗಿಟಾರನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಳು. ಕುಡುಗೋಲಿನ ಕಥೆ ಅವಳಿಗೂ ಗೊತ್ತಿತ್ತು.

“ಹೆದರಬ್ಯಾಡ,” ಎಂದರು ಮೇಷ್ಟ್ರು. “ಇದಕ್ಕೆ ಹಾಕು.”

“ಸದ್ದು ಆಚೆ ಹೋಗ್ತತೆ ಅಪ್ಪಾಜಿ.”

“ಹೋಗ್ಲಿ. ಆ ಅಂಗಳದಾಗೆ ಒಂದು ಏಟೂ ತಪ್ಪಬಾರದು. ಹದಿನಾಲ್ಕೂ ಹಾಡು, ಈಗ್ಲೇ. ಅಪ್ಪ, ಎಲ್ಲಿ ತಪ್ತಾಳೆ ನೀನು ನೋಡು. ನನಗೆ ಗೊತ್ತಾಗಲ್ಲ.”

ಮೊದಲ ಹಾಡಿಗೆ ಕಿಟಕಿಯ ಗಾಜು ನಡುಗಿತು. ಎರಡನೆಯದಕ್ಕೆ ಅರುಣಾ ಹೊಲಿಗೆಯ ಯಂತ್ರ ಬಿಟ್ಟು ಬಂದಳು. ಮೂಕಪ್ಪನ ಕೈ ಪಟ್ಟಿಯ ಮೇಲೆ ಬೀಳುತ್ತಿತ್ತು, ಈ ಸಲ ಮಗನ ಎದುರಿಗೇ. ಮೂರನೆಯದು ಮುಗಿಯುವಾಗ ಗೇಟು ಕಿರುಗುಟ್ಟಿತು. ತಿಪ್ಪೇರುದ್ರಸ್ವಾಮಿ ಅಂಗಳದಲ್ಲಿ ನಿಂತಿದ್ದರು.

“ಏನ್ ಮೇಷ್ಟ್ರೇ, ಏನೋ ಬಾರಿಸ್ತಿದ್ದಂಗೆ ಐತೆ?”

ಅರ್ಪಿತಾಳ ಬೆರಳು ನಿಂತಿತು. ಅಂಜಿನಮ್ಮ ಕಿಟಕಿ ಮುಚ್ಚಲು ಎದ್ದಳು. ಮೇಷ್ಟ್ರು ಹೊಸಿಲಿಗೆ ಬಂದು, ಅರ್ಧ ತೆರೆದಿದ್ದ ಬಾಗಿಲನ್ನು ಗೋಡೆಗೆ ತಾಗುವವರೆಗೆ ತಳ್ಳಿದರು.

“ಹೌದು ಸ್ವಾಮೇರೆ, ಬಾರಿಸ್ತಿದೀವಿ” ಎಂದರು. ಆಮೇಲೆ ಒಳಗೆ ತಿರುಗಿ, “ನಿಲ್ಲಿಸ್ಬ್ಯಾಡ ಕೂಸೇ. ನಾಕನೇದು” ಎಂದರು.